ತಂಗಿಗೆ ಕಿಟಕಿಯ ಸೀಟು

ಮೊದಲ ಏಟು ಬಿದ್ದದ್ದು ಕಿಟಕಿಯ ಸೀಟಿಗಾಗಿ.

ವೆಯ್‌ಚೆ ಬಾಡಿಗೆ ವ್ಯಾನು ಹತ್ತಿ ಸಮುದ್ರದ ಕಡೆ ಕೂತದ್ದೇ ತಡ, ಹೆಂಡತಿಯ ದೊಡ್ಡಣ್ಣ ತಿಯೆನ್‌ಫು ಅವನ ಜುಟ್ಟು ಹಿಡಿದು ಮುಖವನ್ನು ಮುಂದಿನ ಸೀಟಿನ ಕಂಬಿಗೆ ಗುದ್ದಿದ. ಮೂಗಿನಿಂದ ರಕ್ತ ಇಳಿದು ಮದುವೆಯ ಹೊಸ ಅಂಗಿ ಹಾಳಾಯಿತು.

“ಅದು ಲಿಯೆನ್ ಸೀಟು ಕಣೋ ಭಾವ. ಪ್ರವಾಸ ಯಾರಿಗೋಸ್ಕರ ಅನ್ಕೊಂಡಿದೀಯ? ನಿನಗೋಸ್ಕರಾನ?”

ಚಿಕ್ಕಣ್ಣ ಕುನ್‌ಹೈ ತಂಗಿಯನ್ನು ಕಿಟಕಿಯ ಬಳಿ ಕೂರಿಸಿ, ಬೆಲ್ಟು ಬಿಗಿದು, ಬಿಸಿಲು ತಾಗದಂತೆ ಪರದೆ ಎಳೆದ. ಅಣ್ಣತಮ್ಮಂದಿರಿಬ್ಬರದೂ ಹಂದಿ ಕಡಿದು ಮಾರುವ ಕೈಗಳು. ಲಿಯೆನ್ ವಿಷಯದಲ್ಲಿ ಮಾತ್ರ ಬೆಣ್ಣೆ. ಚಾಲಕ ಅಚಿಂಗ್ ಕನ್ನಡಿಯಲ್ಲಿ ಎಲ್ಲವನ್ನೂ ನೋಡಿದ. ಇಂಥ ಮದುವೆಗಳ ತಂಟೆಗೆ ಹೋಗಬಾರದೆಂದು ಬಲ್ಲವನಾದ್ದರಿಂದ ಅಡಿಕೆ ಜಗಿಯುತ್ತ ಗಾಡಿ ಬಿಟ್ಟ.

ಹೆಂಗ್‌ಚುನ್ ಪರ್ಯಾಯದ್ವೀಪದ ದಾರಿ ಅದು. ಒಂದು ಕಡೆ ನೀಲಿ ಕಡಲು, ಇನ್ನೊಂದು ಕಡೆ ಈರುಳ್ಳಿ ಹೊಲ. ಈ ತೀರ ಸುತ್ತಬೇಕೆಂಬುದು ಲಿಯೆನ್‌ಳ ಬಹಳ ದಿನದ ಆಸೆ. ಹೊಳೆ ಬಂದಾಗಲೆಲ್ಲ ತಿಯೆನ್‌ಫು ಹಿಂದೆ ತಿರುಗಿ, “ಲಿಯೆನ್, ಸೇತುವೆ ಬಂತಮ್ಮ, ಹುಷಾರು,” ಎನ್ನುತ್ತಿದ್ದ. ಅವಳು ಮಾತಾಡಲಿಲ್ಲ. ಮದುವೆಯ ದಿನ ಹೊದಿಸಿದ್ದ ಕೆಂಪು ರೇಷ್ಮೆಯ ಮುಸುಕು ಹಾಗೇ ಇತ್ತು. ಅದನ್ನು ಸರಿಸುವ ಹಕ್ಕು ಗಂಡನದು; ಗಂಡನಿಗೆ ಅದು ಬೇಕಿರಲಿಲ್ಲ.

ಗಂಡನಾದದ್ದಾದರೂ ಹೇಗೆ! ರಸ್ತೆಯಲ್ಲಿ ಬಿದ್ದಿದ್ದ, ದುಡ್ಡು ತುಂಬಿದ ಕೆಂಪು ಲಕೋಟೆಯನ್ನು ಎತ್ತಿಕೊಂಡ, ಅಷ್ಟೇ. ಪೊದೆಯ ಹಿಂದಿನಿಂದ ಅಣ್ಣತಮ್ಮಂದಿರಿಬ್ಬರೂ ಎದ್ದು ಬಂದು “ಭಾವ!” ಎಂದು ಅಪ್ಪಿಕೊಂಡರು. ಗಂಡು ಸಿಗದ ಹೆಣ್ಣಿನ ಮನೆಯವರು ಹಾಗೆ ಲಕೋಟೆ ಬಿಟ್ಟು ಕಾಯುವುದು ಹಳೆಯ ರೂಢಿ. ಎತ್ತಿದವನೇ ಅಳಿಯ. ಚಿಕ್ಕ ಮಕ್ಕಳಿಗೂ ಗೊತ್ತಿರುವ ಸಂಗತಿ ಆಸೆಬುರುಕನಿಗೆ ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಚಿಯಾಯಿ ಪಟ್ಟಣದಲ್ಲಿ ಅವನಿಗೊಬ್ಬಳು ಹುಡುಗಿ ಇದ್ದಳು, ಯಿರೋಂಗ್. ಅವಳು ಕಡ್ಡಿ ಮುರಿದಂತೆ ಹೇಳಿದ್ದಳು: “ಮನೇಲಿ ಅವಳನ್ನ ತಂದಿಟ್ಕೊಂಡ್ರೆ ನಾನು ಹೊಸ್ತಿಲು ತುಳಿಯಲ್ಲ.” ಪ್ರವಾಸ ಮುಗಿದರೆ ಲಿಯೆನ್ ಅವನ ಮನೆಗೆ ಬರುವವಳೇ. ಅಷ್ಟರೊಳಗೆ ತಪ್ಪಿಸಿಕೊಳ್ಳದಿದ್ದರೆ ಯಿರೋಂಗ್ ಕೈಬಿಟ್ಟಂತೆಯೇ.

ಆ ಸಂಜೆ ಊಟದ ಮನೆಯಲ್ಲಿ ಅವನು ಕೈಮುಗಿದ. “ಅಣ್ಣ, ನಿಮ್ಮನೇಲೇ ಇಟ್ಕೊಳ್ಳಿ ಅವಳನ್ನ. ನಿಮಗೆ ಅಷ್ಟು ಪ್ರೀತಿ ಇದೆಯಲ್ಲ.”

ತಿಯೆನ್‌ಫು ತಂಗಿಯ ಮುಂದೆ ಹೆಸರುಬೇಳೆಯ ಸಿಹಿಯನ್ನು ಸರಿಸುತ್ತಿದ್ದ. ಅವನ ಕಣ್ಣು ತುಂಬಿತು. “ತವರಲ್ಲಿ ಹೆಣ್ಣಿಗೆ ಜಾಗ ಇಲ್ವಲ್ಲೋ. ಇದ್ದಿದ್ರೆ ನಿನ್ನಂಥ ನಾಯಿ ಕೈಗೆ ಕೊಡ್ತಿದ್ವಾ?”

ಸಿಹಿ ಆರಿಹೋಯಿತು. ಲಿಯೆನ್ ಮುಟ್ಟಲಿಲ್ಲ.

ಮರುದಿನ ಪೆಟ್ರೋಲ್ ಬಂಕಿನಲ್ಲಿ ವೆಯ್‌ಚೆ ಓಡಿದ. ಪಕ್ಕದ ಅಂಗಡಿಯವಳ ಕಾಲು ಹಿಡಿದು, “ಅಮ್ಮಾ, ಪೊಲೀಸರನ್ನ ಕರೀರಿ,” ಎಂದ. ಅವಳು ವ್ಯಾನಿನ ಕಡೆ ನೋಡಿದಳು, ಕಿಟಕಿಯಲ್ಲಿ ಲಿಯೆನ್‌ಳ ಕೆಂಪು ಮುಸುಕನ್ನು ಕಂಡಳು, ಮುಖ ತಿರುಗಿಸಿ ಬಾಗಿಲು ಹಾಕಿಕೊಂಡಳು. ಅವನು ಈರುಳ್ಳಿ ಹೊಲಕ್ಕೆ ನುಗ್ಗಿದ. ಅಣ್ಣತಮ್ಮಂದಿರು ಅಟ್ಟಿಸಿಕೊಂಡು ಬಂದು ಕೆಡವಿದರು. ಕುನ್‌ಹೈ ಎದೆಯ ಮೇಲೆ ಕೂತ. ತಿಯೆನ್‌ಫು ಅವನ ಎಡಗೈಯ ಕಿರುಬೆರಳನ್ನು ಹಿಂದಕ್ಕೆ ಮಡಚಿ, ಲಟಕ್ಕನೆ ಮುರಿದ.

“ಇನ್ನೊಂದ್ಸಲ ಅವಳನ್ನ ಬಿಟ್ಟು ಓಡಿದ್ರೆ ಕಾಲು ಮುರೀತೀನಿ. ನಡಿ ಭಾವ, ಕಾಯ್ತಿದಾಳೆ.”

ಕೊನೆಯ ದಿನ ಮಾವೊಬಿತೌ. ಕಪ್ಪು ಹವಳಬಂಡೆಗಳು ನೇರ ಕಡಲಿಗೆ ಇಳಿಯುವ ಜಾಗ. ಗುಡ್ಡದ ಕಡೆಯಿಂದ ಗಾಳಿ ನುಗ್ಗುತ್ತಿತ್ತು. ಕುನ್‌ಹೈ ಒಂದು ತೋಳಲ್ಲಿ ತಂಗಿಯನ್ನು ಅವಚಿಕೊಂಡು, ಇನ್ನೊಂದರಲ್ಲಿ ಕೊಡೆ ಹಿಡಿದು ಬೇಲಿಯ ಬಳಿ ನಿಂತಿದ್ದ. ತಿಯೆನ್‌ಫು ಹಿಂದೆ ಎಲ್ಲೋ ಇದ್ದ.

ಕೊಡೆ ಗಾಳಿಗೆ ಮಗುಚಿತು. ಕುನ್‌ಹೈ ಅತ್ತ ತಿರುಗಿದ. ವೆಯ್‌ಚೆ ಹಣೆಯಿಂದ ಅವನ ಬಾಯಿಗೆ ಡಿಕ್ಕಿ ಹೊಡೆದ. ಹಲ್ಲು ಮುರಿದ ಸದ್ದು ಕೇಳಿಸಿತು. ಮರುಕ್ಷಣ ಲಿಯೆನ್ ವೆಯ್‌ಚೆಯ ಕೈಯಲ್ಲಿದ್ದಳು. ಅವನು ಬೇಲಿ ದಾಟಿ ಬಂಡೆಯ ಅಂಚಿಗೆ ಹೋದ.

“ಹತ್ರ ಬಂದ್ರೆ ಎಸೀತೀನಿ!”

ಚೂರಿ ಹಿರಿದು ಓಡಿಬಂದ ತಿಯೆನ್‌ಫು ನಿಂತಲ್ಲೇ ನಿಂತ. ಅವನ ಮುಖದ ಬಣ್ಣ ಹೋಯಿತು. “ಬೇಡ ಕಣಪ್ಪಾ... ಅವಳಿಗೆ ನೀರು ಅಂದ್ರೆ ಭಯ. ಚಿಕ್ಕೋಳಿದ್ದಾಗಿಂದ್ಲೂ ಭಯ.”

“ಮದುವೆ ಮುರೀತು ಅನ್ನಿ!”

“ಮುರೀತು.” ಚೂರಿ ಕೆಳಗೆ ಬಿತ್ತು. ಹಂದಿ ಕಡಿಯುವ ಆ ಗಂಡಸು ಕಲ್ಲಿನ ಮೇಲೆ ಮಂಡಿಯೂರಿ, ತಾವು ಕಸಿದಿಟ್ಟುಕೊಂಡಿದ್ದ ವೆಯ್‌ಚೆಯ ಫೋನು, ಗುರುತಿನ ಚೀಟಿ ಎಲ್ಲವನ್ನೂ ಅವನ ಕಾಲ ಬುಡಕ್ಕೆ ತಳ್ಳಿದ. “ಹೋಗು. ಯಾರೂ ಹಿಂದೆ ಬರಲ್ಲ. ಅವಳನ್ನ ಮೆಲ್ಲಗೆ ಕೆಳಗಿಟ್ಟು ಹೋಗು ತಮ್ಮಾ.”

ಗೆದ್ದಾಗಿತ್ತು. ಫೋನು, ಚೀಟಿ ಎತ್ತಿಕೊಂಡು ಹೋದರೆ ಸಂಜೆಗೆ ಯಿರೋಂಗ್‌ಳ ಬಾಗಿಲು. ಆದರೆ ಮುರಿದ ಬೆರಳು ಸಿಡಿಯುತ್ತಿತ್ತು, ಒಡೆದ ಮೂಗು ಉರಿಯುತ್ತಿತ್ತು, ಮಂಡಿಯೂರಿದವನನ್ನು ಕಂಡಷ್ಟೂ ಸಿಟ್ಟು ನೆತ್ತಿಗೇರುತ್ತಿತ್ತು. ಇವರಿಗೂ ಎಲ್ಲಾದರೂ ನೋಯಲಿ ಅನ್ನಿಸಿತು. ಲಿಯೆನ್ ಕೊಸರಾಡಲಿಲ್ಲ, ಕೂಗಲಿಲ್ಲ. ವೆಯ್‌ಚೆ ಅವಳನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಕಡಲಿಗೆ ಎಸೆದ.

“ಲಿಯೆನ್!”

ತಿಯೆನ್‌ಫು ಅವನನ್ನು ಮುಟ್ಟಲೂ ಇಲ್ಲ, ನೋಡಲೂ ಇಲ್ಲ. ಅವನ ಪಕ್ಕದಿಂದಲೇ ಹಾದು ಬಂಡೆಯಿಂದ ಹಾರಿದ. ಕುನ್‌ಹೈ ರಕ್ತದ ಬಾಯಲ್ಲಿ ಅಂಚಿಗೆ ತೆವಳಿ, “ಅಣ್ಣಾ, ನಿನಗೆ ಈಜು ಬರಲ್ಲ! ಅಣ್ಣಾ!” ಎಂದು ಚೀರಿದ. ಕೆಳಗೆ ಅಲೆ ಬಂಡೆಗೆ ಅಪ್ಪಳಿಸಿ ಹಿಂದೆ ಸರಿಯಿತು, ಮತ್ತೆ ಅಪ್ಪಳಿಸಿತು.

ನೊರೆಯ ನಡುವಿನಿಂದ ಮೇಲೆ ಬಂದದ್ದು, ಮದುವೆಗೆ ಮುಂಚೆಯೇ ಜ್ವರದಲ್ಲಿ ತೀರಿಕೊಂಡಿದ್ದ ಲಿಯೆನ್‌ಳ ಹೆಸರು ಕೆತ್ತಿ, ಅವಳ ಆತ್ಮವನ್ನು ನೆಲೆಗೊಳಿಸಿದ್ದ ಗೇಣುದ್ದದ ಮರದ ಹಲಗೆಯೊಂದೇ. ಅವಳ ಅಣ್ಣ ಬರಲಿಲ್ಲ.