ಶನಿ ಉಂಗುರ

ಕ್ರಾನ್‌ಬರ್ನ್ ಎಂಬ ಪರದೇಶದ ಊರಿನ ಮನೆಯಲ್ಲಿ ನಡೆದ ನಿಶ್ಚಿತಾರ್ಥದಲ್ಲಿ ಹುಡುಗಿ ಎಲೆನಾಳ ಅಜ್ಜಿ, ಇಟಲಿಯ ಲೂಚಿಯಾ, ಹುಡುಗನಿಗೆಂದು ತಟ್ಟೆಗೆ ಕಬ್ಬಿಣದ ಉಂಗುರ ಇಟ್ಟಾಗ ಹುಡುಗನ ಅಜ್ಜಿ ಕಾಳಮ್ಮ ತಟ್ಟೆಯನ್ನೇ ಹಿಂದಕ್ಕೆ ಎಳೆದುಕೊಂಡರು. "ಶುಭಕಾರ್ಯಕ್ಕೆ ಶನಿ ಉಂಗುರವಾ? ಈ ಸಂಬಂಧ ಬೇಡ ಕಣೋ ತೇಜಸ್!" ಎಲೆನಾಳ ಮುಖ ಬಾಡಿತು.

"ಶನಿ ಅಂದ್ರೆ ಯಾರು?" ಎಂದರು ಲೂಚಿಯಾ, ತೇಜಸ್ ಅಜ್ಜಿಯ ಮಾತನ್ನು ಅನುವಾದಿಸಿದ ಮೇಲೆ.

"ಹೆಗಲೇರಿದ್ರೆ ಮನೆ ಗುಡಿಸಿ ಹೋಗೋನು" ಎಂದು ತೇಜಸ್ ಹೆದರುತ್ತಲೇ ಇಂಗ್ಲಿಷಿನಲ್ಲಿ ಹೇಳಿದ.

ಲೂಚಿಯಾ ತೊಡೆ ತಟ್ಟಿಕೊಂಡು ನಕ್ಕರು. "ಹಾಗಾದ್ರೆ ನಿಮ್ಮಜ್ಜಿ ಹೇಳಿದ್ದೇ ಸರಿ. ನಮ್ಮ ದೇಶದ ಹೆಗಲೇರಿದ್ದ ಸರ್ವಾಧಿಕಾರಿ, ಯುದ್ಧದ ಖರ್ಚಿಗೆ ಹೆಂಗಸರೆಲ್ಲ ಮದುವೆ ಉಂಗುರ ಕೊಡಿ ಅಂದ. ಚಿನ್ನ ಕೊಟ್ಟವರ ಬೆರಳಿಗೆ ಈ ಕಬ್ಬಿಣ. ನಮ್ಮಮ್ಮ ಸಂತೆಯ ಹಿತ್ತಾಳೆ ಉಂಗುರವನ್ನ ಉಜ್ಜಿ ಉಜ್ಜಿ ಹೊಳೆಸಿ ಕೊಟ್ಟು, ಇದನ್ನ ತಂದಳು!" ಎನ್ನುತ್ತ ಕೊರಳ ಸರದಿಂದ ಅಮ್ಮನ ಚಿನ್ನದುಂಗುರ ಬಿಚ್ಚಿ ಎಲೆನಾಳ ಬೆರಳಿಗೆ ಹಾಕಿದರು.

ತೇಜಸ್ ಅದನ್ನೆಲ್ಲ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಕಾಳಮ್ಮನ ಕಣ್ಣಲ್ಲಿ ನಗುವಿನ ನೀರು. "ಶನಿಗೇ ಟೋಪಿ ಹಾಕಿದ ಮನೆತನ! ಇಂಥ ಸಂಬಂಧ ಹುಡುಕಿದ್ರೂ ಸಿಗಲ್ಲ ಕಣೋ." ತಟ್ಟೆಯನ್ನು ಮುಂದಕ್ಕೆ ತಳ್ಳಿ, ಲೂಚಿಯಾರ ಎದುರು ತಮ್ಮ ಬೆರಳು ಚಾಚಿದರು. "ಆ ಕಬ್ಬಿಣ ಹುಡುಗನಿಗೆ ಬೇಡ, ಬೀಗಿತ್ತಿಯವರೇ. ನನಗೇ ತೊಡಿಸಿ."