ಒಗ್ಗರಣೆಯ ವ್ಯಾಖ್ಯಾನ

ಆ ಕಾಲದಲ್ಲಿ ದೇಶದೇಶಗಳ ಅಂಕಿಅಂಶದವರು ಎಣಿಸದೆ ಬಿಟ್ಟದ್ದು ಲೋಕದಿಂದಲೇ ಮಾಯವಾಗುತ್ತಿತ್ತು. ಹೋದ ವರ್ಷ ಅಂಗಿಯ ಗುಂಡಿಗಳನ್ನು ಮರೆತಿದ್ದರಿಂದ, ಧಾರವಾಡದ ಸಭೆಗೆ ಬಂದ ಪ್ರತಿನಿಧಿಗಳೆಲ್ಲ ಎದೆಗೆ ಲಾಡಿ ಬಿಗಿದುಕೊಂಡೇ ಕೂತಿದ್ದರು.

ಈ ವರ್ಷ ಯಾವ ಯಾವುದನ್ನು ಎಣಿಸಬೇಕು ಎಂಬ ಪಟ್ಟಿಯಲ್ಲಿ ಇನ್ನೊಂದೇ ಜಾಗ ಉಳಿದಿತ್ತು. ನಾರ್ವೆಯ ಹೋಲ್ಗರ್‌ಗೆ ಕಾಲುಚೀಲ ಉಳಿಯಬೇಕಿತ್ತು. ಭಾರತದ ಪ್ರತಿನಿಧಿ ಶಾಂಭವಿ ಹಿರೇಕುಂಬಿಗೆ ಒಗ್ಗರಣೆ ಉಳಿಯಲೇಬೇಕಿತ್ತು. "ಅದನ್ನ ಉಳಿಸದೇ ಮನಿ ಹೊಸ್ತಿಲಾ ತುಳೀಬ್ಯಾಡ," ಎಂದು ಅವಳ ಅವ್ವ ಬೆಳಿಗ್ಗೆಯೇ ತಾಕೀತು ಮಾಡಿದ್ದಳು.

"ಮದಲ ವ್ಯಾಖ್ಯಾನ ಹೇಳ್ರಿ," ಎಂದು ಹೋಲ್ಗರ್ ತಕರಾರು ತೆಗೆದ. ಅನುವಾದದ ಯಂತ್ರ ಅವಳ ಕಿವಿಗೆ ಎಲ್ಲರನ್ನೂ ಧಾರವಾಡದವರನ್ನಾಗಿ ಮಾಡಿಬಿಟ್ಟಿತ್ತು.

ಶಾಂಭವಿ ಎರಡು ತಟ್ಟೆ ಅವಲಕ್ಕಿ ತರಿಸಿದಳು, ಒಂದು ಬರೀ ನೆನೆಸಿದ್ದು, ಇನ್ನೊಂದು ಒಗ್ಗರಣೆ ಹಾಕಿದ್ದು. ಹೋಲ್ಗರ್ ಮೊದಲನೆಯದನ್ನು ಬಾಯಿಗಿಟ್ಟು ಮುಖ ಕಿವಿಚಿದ. ಎರಡನೆಯದನ್ನು ತಿನ್ನುತ್ತ ಕಾಲುಚೀಲವನ್ನೇ ಮರೆತ.

"ಈಗ ಬರಕೋರಿ!" ಶಾಂಭವಿಗೆ ಗೆದ್ದ ಹುಮ್ಮಸ್ಸು. "ಒಗ್ಗರಣಿ ಅಂದರ, ಕಾದ ಎಣ್ಣಿಗೆ ಹಾಕಿದ್ದು ಚಟಪಟ ಅನ್ನೋದು. ಎಣ್ಣಿ, ಚಟಪಟ, ಅಷ್ಟ!"

ಇಡೀ ಸಭೆ ಕೈ ಎತ್ತಿತು. ಅಧ್ಯಕ್ಷರು ಪಟ್ಟಿಗೆ ಮೊಹರು ಒತ್ತಿದ್ದೇ ತಡ, ಹೋಲ್ಗರ್‌ನ ಬೂಟಿನೊಳಗೆ ಬರಿಗಾಲು ತಣ್ಣಗಾಯಿತು. ಅವನು ಬೇಸರಿಸಲಿಲ್ಲ, ಇನ್ನೊಂದು ತಟ್ಟೆ ಕೇಳಿದ.

ಅಷ್ಟರಲ್ಲಿ ಶಾಂಭವಿಯ ಫೋನು ಬಡಿದುಕೊಂಡಿತು.

"ಭೇಷ್ ಮಗಳ, ಒಗ್ಗರಣಿ ಉಳಿಸಿದಿ!" ಎಂದಳು ಅವ್ವ. "ಎಣ್ಣಿನೂ ಕಾದೈತಿ. ಆದರ ಈಗಷ್ಟ ಡಬ್ಬಿ ತುಂಬ ಇದ್ದ ಸಾಸಿವಿ ಎಲ್ಲಿ ಹೋತವ್ವಾ?"