ಬೆಳ್ಳಗ ಐತ್ರಿ

“ಕಫ ಯಾವ ಬಣ್ಣದ್ದು ಬೀಳಾಕತ್ತೈತ್ರಿ, ಅಜ್ಜಿ?” ಎಂದು ಡಾಕ್ಟರ್ ಋತುಜಾ ಕೇಳಿದಾಗ ಚನ್ನಬಸವ್ವನಿಗೆ ನೆಟ್ಟಗೆ ಉಸಿರಾಡುವುದಕ್ಕೂ ಆಗುತ್ತಿರಲಿಲ್ಲ. ಉತ್ತರ ಮಾತ್ರ ಥಟ್ಟನೆ ಬಂತು.

“ಬೆಳ್ಳಗ... ಬೆಳ್ಳಗ ಐತ್ರಿ ಬಾಯಾರ.”

ಪಕ್ಕದಲ್ಲಿದ್ದ ಸೊಸೆ ಐಶ್ವರ್ಯಾ ಥಟ್ಟನೆ ತಿರುಗಿ ಅತ್ತೆಯ ಮುಖ ನೋಡಿದಳು. ಅತ್ತೆ ಉಗುಳುವ ಬೂದಿ ಡಬ್ಬಿಯನ್ನು ದಿನಾ ತೊಳೆಯುವವಳು ಅವಳೇ. ಉಗುಳಿದ್ದರ ಮೇಲೆ ಅತ್ತೆ ಎಷ್ಟೇ ಬೂದಿ ಮುಚ್ಚಿದರೂ ಬಣ್ಣ ಮುಚ್ಚುತ್ತಿರಲಿಲ್ಲ. ಮೂರ್ನಾಲ್ಕು ದಿನಗಳಿಂದ ಬೀಳುತ್ತಿದ್ದುದು ಹಸಿರು. ನೆನೆಸಿದ ಹೆಸರುಕಾಳಿನ ಸಿಪ್ಪೆಯಂಥ ಹಸಿರು.

ಸುಳ್ಳಿನ ಕಾರಣ ಬಾಗಿಲ ಬಳಿಯೇ ನಿಂತಿತ್ತು. ದುರ್ಗದಬೈಲಿನ ಖಾನಾವಳಿಯ ಶಾಂತಯ್ಯ! ಅತ್ತೆ-ಸೊಸೆ ಬಡಿದ ಜೋಳದ ರೊಟ್ಟಿಯನ್ನೆಲ್ಲ ಕೊಳ್ಳುವವನು ಅವನೊಬ್ಬನೇ. ತಾರಿಹಾಳದ ವರ್ಕ್‌ಶಾಪು ಮುಚ್ಚಿ ಮಗ ಮನೆ ಹಿಡಿದ ಮೇಲೆ ಎಲ್ಲರ ಹೊಟ್ಟೆಯೂ ಆ ರೊಟ್ಟಿಯ ಮೇಲೆಯೇ ನಿಂತಿತ್ತು. ಮುಂಜಾನೆ ರೊಟ್ಟಿ ಒಯ್ಯಲು ಬಂದ ಶಾಂತಯ್ಯ ಮುದುಕಿ ದಮ್ಮಿಗೆ ಒದ್ದಾಡುವುದನ್ನು ಕಂಡು, ತನ್ನ ಗಾಡಿಯಲ್ಲೇ ವಿದ್ಯಾನಗರದ ಈ ದವಾಖಾನೆಗೆ ಕರೆತಂದಿದ್ದ. ಪುಣ್ಯಾತ್ಮ. ಆದರೆ ಹೊರಗೆ ಬಾಕಿನ ಮೇಲೆ ಕೂತಿರಬಾರದೇ? ಅವರ ಓಣಿಯ ಬಿಬಿಜಾನಳಿಗೆ ಹಿಂದೊಮ್ಮೆ ಕಫದ ಪರೀಕ್ಷೆ ಬರೆದದ್ದೇ ತಡ, ಕ್ಷಯ ಎಂದು ಸುದ್ದಿ ಹಬ್ಬಿ ಅವಳು ಹೊಸೆದ ಶಾವಿಗೆಯನ್ನು ಯಾರೂ ಮುಟ್ಟದಂತಾಗಿತ್ತು. ಕಡೆಗೆ ಕ್ಷಯ ಇರಲಿಲ್ಲ. ಅದನ್ನು ಕೇಳುವ ವ್ಯವಧಾನವೂ ಯಾರಿಗೂ ಇರಲಿಲ್ಲ.

ಡಾಕ್ಟರು ಬೆನ್ನಿಗೆ ಕೊಳವೆ ಹಚ್ಚಿ ಕೇಳಿದರು. ಜ್ವರ ನೋಡಿದರು, ಇರಲಿಲ್ಲ. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದು ಮುದುಕಿಯ ಪುಪ್ಪುಸ ಸವೆದದ್ದು ಹಳೆಯ ಮಾತು. ಈ ಸಲ ದಮ್ಮು ಇಷ್ಟೇಕೆ ಕೆರಳಿತು ಎಂಬುದೇ ಅವರಿಗೆ ಬೇಕಾಗಿತ್ತು. ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ಮುಂದೆ ಹಿಡಿದು, “ಇದರಾಗ ಒಂದೀಟು ಉಗುಳ್ರಿ, ನಾನೂ ನೋಡತೀನಿ” ಎಂದರು.

ಚನ್ನಬಸವ್ವ ಕೆಮ್ಮಿದಳು. ಕೆಮ್ಮು ಕರುಳಿನಿಂದ ಎದ್ದು ಬಾಯಿಗೆ ಬಂತು. ಸೆರಗು ಅಡ್ಡ ಹಿಡಿದು, ಶಾಂತಯ್ಯನತ್ತ ಒಮ್ಮೆ ನೋಡಿ, ಬಾಯಿಗೆ ಬಂದದ್ದನ್ನು ನುಂಗಿಬಿಟ್ಟಳು.

“ಬರವಲ್ತು ರೀ.”

ಡಾಕ್ಟರು ಸೊಸೆಯತ್ತ ತಿರುಗಿದರು. “ನೀವರೆ ಹೇಳ್ರಿ. ಹಳದಿ, ಹಸರ ಇದ್ರ ಒಳಗ ಬ್ಯಾಕ್ಟೀರಿಯಾ ಸೇರ್ಯಾವು ಅಂತ ತಿಳೀಬೇಕಾಗ್ತದ. ಆ್ಯಂಟಿಬಯಾಟಿಕ್ ಲಗೂ ಸುರು ಮಾಡಬೇಕು. ಬೆಳ್ಳಗಿದ್ರ ಅದು ಬ್ಯಾಡ. ಬ್ಯಾಡಾಗಿದ್ದಾಗ ಕೊಟ್ರ, ನಾಳೆ ಖರೇ ಬೇಕಾದಾಗ ಕೆಲಸ ಮಾಡೂದಿಲ್ಲ.”

ಅತ್ತೆಯ ಬೆರಳುಗಳು ಸೆರಗಿನ ಮರೆಯಲ್ಲಿ ಐಶ್ವರ್ಯಾಳ ಮಣಿಕಟ್ಟು ಹಿಡಿದವು.

“ಹೇಳ್ ತಂಗಿ, ಅಂಜಬ್ಯಾಡ,” ಎಂದ ಶಾಂತಯ್ಯ, ತನ್ನ ಒಳ್ಳೆಯತನ ಸಾಲದೆಂಬಂತೆ.

“ಬೆಳ್ಳಗ ಐತ್ರಿ,” ಎಂದಳು ಐಶ್ವರ್ಯಾ.

ದಮ್ಮು ಇಳಿಯಲು ಗುಳಿಗೆ, ಬಾಯಿಗಿಟ್ಟು ಎಳೆಯುವ ಪಂಪು ಬರೆದುಕೊಟ್ಟು ಡಾಕ್ಟರು ಒತ್ತಿ ಹೇಳಿದರು: “ಬಣ್ಣ ಬದಲಾತಂದ್ರ ತಡಾ ಮಾಡಬ್ಯಾಡ್ರಿ. ಆ ಕ್ಷಣಕ್ಕ ಕರಕೊಂಡ ಬರ್ರಿ.”

ಬದಲಾಗುವುದೆಲ್ಲಿಂದ ಬಂತು! ಬೂದಿ ಡಬ್ಬಿಯಲ್ಲಿ ಮರುದಿನವೂ ಅದೇ ಹಸಿರು. “ಅತ್ತಿ, ನಾವಿಬ್ಬರ ಹೋಗಿ ಖರೇ ಹೇಳೂಣು ನಡೀರಿ,” ಎಂದು ಐಶ್ವರ್ಯಾ ಅಂಗಲಾಚಿದಳು. ಗುಳಿಗೆಯ ಬಲದಿಂದ ಅಂದು ತುಸು ಚೇತರಿಸಿಕೊಂಡಿದ್ದ ಚನ್ನಬಸವ್ವ ಗೋಡೆಗೊರಗಿ ಹಿಟ್ಟು ನಾದುತ್ತಿದ್ದಳು. “ಸುಮ್ಮನಿರವಾ. ಡಾಕ್ಟರ ಪರೀಕ್ಷಾ ಬರದ್ರ ಊರ ತುಂಬಾ ಆಗತೈತಿ. ನಾ ಹೋದ್ರೂ ರೊಟ್ಟಿ ಉಳೀಬೇಕು,” ಎಂದಳು. ಐಶ್ವರ್ಯಾಳಿಗೆ ಸಿಟ್ಟು ಬಂತು, ಅಳುವೂ ಬಂತು. ಮನೆಯಲ್ಲಿದ್ದ ಜೋಳದ ಹಿಟ್ಟಿನ ಡಬ್ಬಿಯನ್ನು ನೋಡಿ ಎರಡನ್ನೂ ನುಂಗಿಕೊಂಡಳು.

ಮುಂದಿನ ವಾರ ಅತ್ತೆಯ ತುಟಿ ನೀಲಿಗಟ್ಟಿ, ಮಾತು ತೊದಲತೊಡಗಿದ ಮೇಲೆ ಐಶ್ವರ್ಯಾ ಯಾರ ಮಾತನ್ನೂ ಕೇಳದೆ ಆಟೋ ಕರೆಸಿದಳು. ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿ ಮಲಗಿಸಿದರು. ನರ್ಸು ಹಿಡಿದ ಟ್ರೇಯಲ್ಲಿ ಬಿದ್ದದ್ದನ್ನು ಮುಚ್ಚಲು ಅಲ್ಲಿ ಬೂದಿ ಇರಲಿಲ್ಲ. ಡಾಕ್ಟರ್ ಋತುಜಾ ಅದನ್ನು ನೋಡಿ ಮುಖ ಸಣ್ಣದು ಮಾಡಿದರು. ಸುದ್ದಿ ತಿಳಿದು ಖಾನಾವಳಿಯಿಂದ ಓಡಿ ಬಂದಿದ್ದ ಶಾಂತಯ್ಯ ಮಂಚದ ಕಾಲ ಬಳಿ ಕೈಕಟ್ಟಿ ನಿಂತಿದ್ದ.

“ಹಸರ ಆಗ್ಯದ. ಎಂದಿನಿಂದ ಹಿಂಗ?” ಎಂದು ಡಾಕ್ಟರು ಕೇಳಿದರು.

ಐಶ್ವರ್ಯಾ ಬಾಯಿ ತೆರೆದಳು. ಮಾಸ್ಕಿನ ಮೇಲೆ ಅತ್ತೆಯ ಕಣ್ಣುಗಳು ತೆರೆದುಕೊಂಡು ಅವಳನ್ನೇ ನೋಡುತ್ತಿದ್ದವು.

“ಇವತ್ತ ಮುಂಜಾನಿಂದರಿ.”

ಕಣ್ಣುಗಳು ಸಮಾಧಾನದಿಂದ ಮುಚ್ಚಿಕೊಂಡವು.

ಡಾಕ್ಟರು ಇಂಜೆಕ್ಷನ್ ಬರೆದು, ಪುಪ್ಪುಸಗಳು ಎರಡೂ ಕೆಟ್ಟಿವೆ, ಭರವಸೆ ಕೊಡಲಾಗದು ಎಂದು ಮೆಲ್ಲಗೆ ತಿಳಿಸಿದರು. ಐಶ್ವರ್ಯಾ ಗೋಡೆ ಹಿಡಿದು ಕುಸಿದು ಕೂತಾಗ, ಪಾಪ, ಅವಳ ಬೆನ್ನ ಮೇಲೆ ಕೈಯಿಟ್ಟು, ಶಾಂತಯ್ಯನಿಗೂ ಕೇಳುವಂತೆ ಹೇಳಿದರು:

“ಅಳಬ್ಯಾಡ್ರಿ. ಬಣ್ಣ ಬದಲಾದ ದಿನಾನ ಕರಕೊಂಡ ಬಂದೀರಿ. ನಿಮ್ಮಷ್ಟು ಕಾಳಜಿಲೆ ನೋಡ್ಕೊಳ್ಳಾವ್ರು ಯಾರದಾರ?”